ಜೀಪಿನ ಹೊಟ್ಟೆಯೊಳಗಿನ ಗುಬ್ಬಿ

ಒಂದು ಮಳೆಗಾಲ ಕಳೆದ ಮೇಲೆ, ಮೂಡಿಗೆರೆಯಿಂದ ತೋಟದ ಮನೆಗೆ ಬರುವ ಮಣ್ಣುರಸ್ತೆಯಲ್ಲಿ ನಮ್ಮ ಜೀಪು ಗುಬ್ಬಿಯ ಹಾಗೆ ಕೂಗತೊಡಗಿತು. ಕೀಚ್, ಕೀಚ್, ಕೀಚ್. ನಿಧಾನಕ್ಕೆ ಹೋದರೆ ಒಂದೊಂದಾಗಿ, ವೇಗ ಹೆಚ್ಚಿದರೆ ಗುಂಪುಗುಂಪಾಗಿ. ಹತ್ತಿದವರೆಲ್ಲರಿಗೂ ಒಂದೊಂದು ಅಭಿಪ್ರಾಯ. ಅಮ್ಮ ಇಲಿ ಮರಿ ಹಾಕಿದೆ ಎಂದಳು. ದಾರಿಯಲ್ಲಿ ಹತ್ತಿಕೊಂಡ ಮೇಷ್ಟ್ರು ‘ಪ್ಲೇಟಿನ ಬುಷ್ಷೇ, ಅನುಮಾನ ಬೇಡ’ ಎಂದು ತೀರ್ಪು ಕೊಟ್ಟು ಶಾಲೆಯ ಗೇಟಿನಲ್ಲಿ ಇಳಿದುಹೋದರು.

ಅಪ್ಪಯ್ಯ ಮನುಷ್ಯರ ಮಾತನ್ನು ಅಷ್ಟಾಗಿ ಕೇಳಿಸಿಕೊಳ್ಳುವವರಲ್ಲ. ಜೀಪು ಮಾತಾಡಿದರೆ ಮಾತ್ರ ಕತ್ತು ವಾಲಿಸಿ ಕೇಳುತ್ತಿದ್ದರು. ಇಳಿಜಾರಿನಲ್ಲಿ ನ್ಯೂಟ್ರಲ್ಲಿಗೆ ತಂದು ಇಂಜಿನ್ ನಿಲ್ಲಿಸಿದರು. ಆ ಮೌನದಲ್ಲಿ ಗುಬ್ಬಿ ಇನ್ನೂ ಸ್ಪಷ್ಟವಾಯಿತು. ‘ಇಂಜಿನ್ನಿಂದಲ್ಲ, ಕ್ಲಚ್ಚಿಂದಲೂ ಅಲ್ಲ. ಚಕ್ರದ ಜೊತೆ ತಿರುಗೋದು ಯಾವುದೋ ಅಳ್ತಿದೆ’ ಎಂದರು. ನಮ್ಮ ಹಳೇ ಜೀಪಿನಲ್ಲಿ ಫೋರ್ ವೀಲ್ ಹಾಕದಿದ್ದರೂ ಮುಂದಿನ ಶಾಫ್ಟು ಚಕ್ರದೊಂದಿಗೆ ಸುಮ್ಮನೆ ತಿರುಗುತ್ತಲೇ ಇರುತ್ತದೆ, ಕೆಲಸವಿಲ್ಲದ ನೆಂಟನ ಹಾಗೆ. ಅದನ್ನೇ ಬಿಚ್ಚಿಟ್ಟು ಓಡಿಸಿ ನೋಡಿದರು. ಗುಬ್ಬಿ ಹೋಗಲಿಲ್ಲ. ಹಾಗಾದರೆ ಹಿಂದಿನದೇ.

ಚಾಪೆ ಹಾಸಿಕೊಂಡು ಜೀಪಿನಡಿ ಮಲಗಿದಾಗ ನನ್ನನ್ನೂ ಎಳೆದುಕೊಂಡರು. ಶಾಫ್ಟಿನ ತುದಿಯಲ್ಲೊಂದು ಕ್ರಾಸ್. ಅದರ ನಾಲ್ಕು ಕೈಗೂ ಒಂದೊಂದು ಉಕ್ಕಿನ ಬಟ್ಟಲು. ಬಟ್ಟಲ ಒಳಗೋಡೆಗೆ ಒತ್ತಾಗಿ ನಿಂತ ಸೂಜಿಯಂಥ ರೋಲರ್‌ಗಳು. ಹಳ್ಳದ ನೀರು ಗ್ರೀಸು ತೊಳೆದರೆ ಆ ಸೂಜಿಗಳು ಒಣಗಿ, ತುಕ್ಕು ಹಿಡಿದು, ಹೀಗೆ ಕೂಗುತ್ತವೆ. ಈ ಜಾಯಿಂಟಿಗೆ ಇಟಲಿಯ ಕಾರ್ಡಾನೋನ (1501–1576) ಹೆಸರು ಅಂಟಿಕೊಂಡಿದೆ. ಆತ ಗಣಿತಜ್ಞ, ವೈದ್ಯ, ಮೇಲಾಗಿ ಜೂಜುಗಾರ. ಜೀಪಿನ ಶಬ್ದ ಹುಡುಕುವವರಿಗೆ ಈತನಿಗಿಂತ ತಕ್ಕ ಕುಲಗುರು ಸಿಗಲಾರ.

ಅಪ್ಪಯ್ಯ ಗ್ರೀಸ್ ಗನ್ ಒತ್ತಿದರು. ಮೂರು ಬಟ್ಟಲುಗಳ ಅಂಚಿನಿಂದ ಹಳೇ ಗ್ರೀಸು ಕಪ್ಪಗೆ ಹೊರಬಂತು. ನಾಲ್ಕನೆಯದು ಬಾಯಿ ಬಿಡಲಿಲ್ಲ. ಅದರ ಸುತ್ತ ನುಣ್ಣನೆಯ ಕೆಂಪು ಪುಡಿ, ಯಾರೋ ಕುಂಕುಮ ಹಚ್ಚಿಟ್ಟ ಹಾಗೆ. ‘ಸಿಕ್ಕಿದ ಕಳ್ಳ’ ಎಂದು ಮಲಗಿದಲ್ಲೇ ನಕ್ಕರು. ಹೊಸ ಕ್ರಾಸ್ ಹಾಕಿಸಿದ ದಿನ ಅಮ್ಮನಿಗೇ ಬೇಜಾರು: ‘ಈಗ ನೀವು ಬರೋದು ಗೊತ್ತೇ ಆಗಲ್ಲ. ಗುಬ್ಬಿ ಕೇಳಿದ್ಮೇಲೆ ಕಾಫಿಗೆ ನೀರಿಡ್ತಿದ್ದೆ.’

ವರ್ಷಗಳು ಉರುಳಿ ಸ್ಟೀರಿಂಗು ನನ್ನ ಕೈಗೆ ಬಂತು, ಅಪ್ಪಯ್ಯ ಎಡಗಡೆಯ ಸೀಟಿಗೆ ಸರಿದರು. ವಯಸ್ಸಾದಂತೆ ಕಿವಿಯಿಂದ ಮೊದಲು ಜಾರುವುದು ಕೀರಲು ದನಿಗಳೇ. ಒಂದು ಸಂಜೆ ಗುಬ್ಬಿ ಮತ್ತೆ ಬಂತು. ನಾನು ಹಲ್ಲುಕಚ್ಚಿ ಓಡಿಸುತ್ತಿದ್ದೆ. ಅಪ್ಪಯ್ಯ ಬಾನೆಟ್ಟಿನಾಚೆ ನೋಡುತ್ತ, ‘ಎಷ್ಟು ಚೆನ್ನಾಗಿಟ್ಟಿದ್ದೀಯ ಮಾರಾಯ, ಒಂದು ಶಬ್ದ ಇಲ್ಲ’ ಎಂದರು.

‘ಹೂಂ ಅಪ್ಪಯ್ಯ’ ಎಂದೆ.

ಮರುದಿನ ಮಧ್ಯಾಹ್ನ ಅವರು ಮಲಗಿರುವಾಗ ಕಳ್ಳನಂತೆ ಜೀಪಿನಡಿ ನುಸುಳಿ ಗ್ರೀಸು ಹೊಡೆದೆ. ಈ ಸಲ ನಾಲ್ಕೂ ಬಾಯಿಬಿಟ್ಟವು. ಎರಡು ಸಲ ಸೋಪು ಹಚ್ಚಿ ಕೈ ತೊಳೆದೆ. ಸಂಜೆ ಕಾಫಿ ಲೋಟ ಕೊಡುವಾಗ ಅಪ್ಪಯ್ಯ ನನ್ನ ಬೆರಳು ಹಿಡಿದು ಮೂಗಿನ ಹತ್ತಿರ ತಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು:

‘ಹಿಂದಿನ ಕ್ರಾಸೋ, ಮುಂದಿಂದೋ?’