ಬಫಲೋದಲ್ಲಿ ಆ ಗುರುವಾರ

ಆ ವಾರ ಬಫಲೋದ ಜನಕ್ಕೆ ಮಾತಾಡಲು ಗ್ರಹಣವೊಂದೇ ಸಾಕಾಗಿತ್ತು. 2024ರ ಏಪ್ರಿಲ್ 8ರ ಸೋಮವಾರ ಖಗ್ರಾಸ ಸೂರ್ಯಗ್ರಹಣ ನಮ್ಮೂರಿನ ಮೇಲೆಯೇ ಹಾದುಹೋಗಿತ್ತು. ಮೋಡ ಕವಿದು ಸೂರ್ಯ ಸರಿಯಾಗಿ ಕಾಣದಿದ್ದರೂ ಮಟಮಟ ಮಧ್ಯಾಹ್ನ ಕತ್ತಲಾದದ್ದರ ಬಗ್ಗೆ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ ಎಲ್ಲರೂ ಹೇಳಿದ್ದನ್ನೇ ಹೇಳುತ್ತಿದ್ದರು. ಗುರುವಾರ ಬೆಳಿಗ್ಗೆ ಆ ಮಾತು ನಿಂತುಹೋಯಿತು. ಒಂದು ಕಾಲದಲ್ಲಿ ನಮ್ಮೂರಿನ ಬಫಲೋ ಬಿಲ್ಸ್ ಫುಟ್‌ಬಾಲ್ ತಂಡದ ತಾರೆಯಾಗಿದ್ದ ಒ.ಜೆ. ಸಿಂಪ್ಸನ್ ಹಿಂದಿನ ದಿನ ತೀರಿಕೊಂಡ ಎಂದು ಅವನ ಮನೆಯವರು ಪ್ರಕಟಿಸಿದ್ದರು. ಕ್ಯಾನ್ಸರ್ ಆಗಿತ್ತು, ವಯಸ್ಸು 76.

ಊರಿನ ತಾರೆಯೊಬ್ಬ ಸತ್ತರೆ ಜನ ಹೇಗಿರುತ್ತಾರೆ ಎಂಬುದು ನಮಗೆಲ್ಲ ಗೊತ್ತು. ಹೂವು, ಫೋಟೊ, ಕಣ್ಣೀರು, ಹಳೆಯ ಕತೆಗಳು. ಅವತ್ತು ಅದ್ಯಾವುದೂ ಇರಲಿಲ್ಲ. ರೇಡಿಯೊಗೆ ಫೋನ್ ಮಾಡಿದವರು 1973 ಅಂತ ಶುರುಮಾಡುವರು, ದನಿ ಏರುವುದು, ನಡುವೆ ಏನೋ ನೆನಪಾಗಿ ಮಾತು ತಡವರಿಸುವುದು. ಕೆಲವರಿಗೆ ಸಿಟ್ಟು ಬರುತ್ತಿತ್ತು, ಯಾರ ಮೇಲೆ ಎಂದು ಹೇಳಲು ಬಾರದು. ಕಾಲೇಜು ಫುಟ್‌ಬಾಲಿನ ಹೈಸ್ಮನ್ ಟ್ರೋಫಿಯ ಟ್ರಸ್ಟಿನವರು 1968ರ ತಮ್ಮ ವಿಜೇತನ ಸಾವಿಗೆ ಶೋಕ ವ್ಯಕ್ತಪಡಿಸಿದರು. ಅವನ ಮೇಲೆ ಆರೋಪವಿದ್ದ ಎರಡು ಕೊಲೆಗಳ ಬಗ್ಗೆ ಅದರಲ್ಲಿ ಒಂದಕ್ಷರವಿಲ್ಲ ಎಂದು ಜನ ಅವರನ್ನು ತರಾಟೆಗೆ ತೆಗೆದುಕೊಂಡರು. ತೆಗೆದುಕೊಳ್ಳಬೇಕಾದದ್ದೇ.

ನಮ್ಮ ಪಕ್ಕದ ಮನೆಯ ಹಿರಿಯರು ಲ್ಯಾಕವಾನಾದ ಬೆಥ್ಲೆಹೆಮ್ ಸ್ಟೀಲ್ ಕಾರ್ಖಾನೆಯಲ್ಲಿ ದುಡಿದವರು. ಎಂಬತ್ತರ ದಶಕದ ಆರಂಭದಲ್ಲಿ ಅದು ಉಕ್ಕು ತಯಾರಿ ನಿಲ್ಲಿಸಿದಾಗ ಕೆಲಸ ಕಳೆದುಕೊಂಡ ಸಾವಿರಾರು ಜನರಲ್ಲಿ ಒಬ್ಬರು. ಬಫಲೋ ಬಿಲ್ಸ್ ತಂಡದ ಆಟ ಎಂದರೆ ಅವರಿಗೆ ಪ್ರಾಣ. ಅವತ್ತು ಸಂಜೆ ಗ್ಯಾರೇಜಿನ ಮುಂದೆ ಸಿಕ್ಕವರು ನಾನು ಕೇಳದೆಯೇ ಹೇಳಲು ತೊಡಗಿದರು. ಹೇಳಿದ್ದು ಸಿಂಪ್ಸನ್ ಕತೆಯಲ್ಲ, ರೆಜಿ ಮೆಕೆಂಜಿ ಎಂಬ ಲೆಫ್ಟ್ ಗಾರ್ಡ್‌ನ ಕತೆ.

ಅಮೆರಿಕದವರ ಫುಟ್‌ಬಾಲ್ ಕಾಲಿನ ಆಟವಲ್ಲ. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವವನನ್ನು ಎದುರಿನ ಹನ್ನೊಂದು ಜನ ಹಿಡಿದು ಕೆಡವುತ್ತಾರೆ. ಕಬಡ್ಡಿಯಲ್ಲಿ ರೈಡರ್ ಎದುರು ಪಾಳೆಯದಿಂದ ನುಸುಳಿಕೊಂಡು ಬರುವ ಹಾಗೆಯೇ, ಆದರೆ ಇಲ್ಲಿ ಅವನು ಒಂಟಿಯಲ್ಲ. ಅವನ ಮುಂದೆ ಅವನದೇ ತಂಡದ ದಢೂತಿ ಆಳುಗಳು ಎದುರಾಳಿಗಳನ್ನು ಗುದ್ದಿ ಸರಿಸುತ್ತ ದಾರಿ ಬಿಡಿಸಬೇಕು. ಟೀವಿಯಲ್ಲಿ ಕಾಣುವುದು ಓಡುವವನು. ದಾರಿ ಬಿಡಿಸಿದವನು ಆ ಹೊತ್ತಿಗೆ ಕೆಸರಲ್ಲಿ ಬಿದ್ದಿರುತ್ತಾನೆ.

ಮೆಕೆಂಜಿ ಅದನ್ನು ಹೇಗೆ ಮಾಡುತ್ತಿದ್ದ ಎಂದು ಅವರು ನನಗೆ ತೋರಿಸಿದರು. ಡಾಂಬರಿನ ಮೇಲೆ ಮೂರು ಬೆರಳೂರಿ ಬಗ್ಗಿದರು. ಮಂಡಿ ಲಟಕ್ ಎಂದಿತು. ಬಲಗಾಲನ್ನು ಹಿಂದಕ್ಕೆಳೆದು, ಬೆನ್ನು ಎತ್ತದೆ, ಸಾಲಿನ ಹಿಂದೆಯೇ ಏಡಿಯಂತೆ ಅಡ್ಡಡ್ಡ ನಾಲ್ಕು ಹೆಜ್ಜೆ ಓಡಿ, ತಟ್ಟನೆ ತಿರುಗಿ ಕಸದ ಡಬ್ಬಿಗೆ ಭುಜ ಕೊಟ್ಟರು. “ಈಗ ಅವನು ನನ್ನ ಹಿಂದೆ ಇದಾನೆ, ಒಂದು ಕೈ ನನ್ನ ಸೊಂಟದ ಮೇಲೆ. ನಾನು ಯಾವ ಕಡೆ ಬೀಳ್ತೀನಿ ಅಂತ ಕಾಯ್ತಾನೆ. ಬಿದ್ದ ತಕ್ಷಣ ಆ ಕಡೆಯಿಂದ ಹೊರಟುಹೋಗ್ತಾನೆ,” ಎಂದರು. ಏದುಸಿರು ಬಿಡುತ್ತಿದ್ದರು, ಮುಖ ಕೆಂಪಾಗಿತ್ತು. ಐವತ್ತು ವರ್ಷದ ಹಿಂದಿನ ಸಂತೋಷವೊಂದು ಮನುಷ್ಯನ ಮೈಯೊಳಗೆ ಹೀಗೆ ಉಳಿದಿರುತ್ತದೆ ಎಂಬುದನ್ನು ನಾನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ.

1973ರ ಡಿಸೆಂಬರ್ 16ರಂದು ನ್ಯೂಯಾರ್ಕಿನ ಶೇ ಸ್ಟೇಡಿಯಮ್ಮಿನಲ್ಲಿ ಸೀಸನ್ನಿನ ಕೊನೆಯ ಪಂದ್ಯ, ನ್ಯೂಯಾರ್ಕ್ ಜೆಟ್ಸ್ ವಿರುದ್ಧ. ಹಿಮ ಬೀಳುತ್ತಿತ್ತು. ಜಿಮ್ ಬ್ರೌನ್ ಹತ್ತು ವರ್ಷದ ಹಿಂದೆ ಮಾಡಿದ್ದ 1,863 ಗಜಗಳ ದಾಖಲೆ ಮುರಿಯಲು ಸಿಂಪ್ಸನ್‌ಗೆ ಇನ್ನು 61 ಗಜ ಬೇಕಿತ್ತು. ಅವನು 200 ಗಜ ಓಡಿದ. ಹದಿನಾಲ್ಕು ಪಂದ್ಯಗಳಲ್ಲಿ ಒಟ್ಟು 2,003 ಗಜ. ಎರಡು ಕಿಲೋಮೀಟರ್ ಕೂಡ ಆಗದ ದೂರ, ಆದರೆ ಒಂದೊಂದು ಗಜಕ್ಕೂ ಯಾರೋ ಒಬ್ಬ ಎದುರಾಳಿಯನ್ನು ನೆಲಕ್ಕೆ ಉರುಳಿಸಿದ್ದ. ಅದಕ್ಕೂ ಮೊದಲು ಯಾರೂ ಒಂದು ಸೀಸನ್ನಿನಲ್ಲಿ ಎರಡು ಸಾವಿರ ಮುಟ್ಟಿರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಬಡವರ ಕಾಲನಿಯಲ್ಲಿ, ರಿಕೆಟ್ಸ್‌ನಿಂದ ಸೊಟ್ಟಗಾದ ಕಾಲುಗಳಿಗೆ ಪಟ್ಟಿ ಕಟ್ಟಿಕೊಂಡು ಬೆಳೆದ ಹುಡುಗ ಅವನು. ಆಟ ಮುಗಿದ ಮೇಲೆ ಪತ್ರಕರ್ತರ ಮುಂದೆ ಒಬ್ಬನೇ ಹೋಗಲಿಲ್ಲ. ದಾರಿ ಬಿಡಿಸಿದವರನ್ನೆಲ್ಲ ಜೊತೆಗೆ ಕರೆದುಕೊಂಡು ಹೋಗಿ ಒಬ್ಬೊಬ್ಬರನ್ನೇ ಪರಿಚಯಿಸಿದ. ಇವನ ಅಡ್ಡಹೆಸರು ‘ಜ್ಯೂಸ್’, ಹಾಗಾಗಿ ಕರೆಂಟು ಹರಿಸುವ ಅವರ ಗುಂಪಿಗೆ ‘ಎಲೆಕ್ಟ್ರಿಕ್ ಕಂಪನಿ’ ಎಂದು ಹೆಸರು. ಮೆಕೆಂಜಿ, ಡೆಲಮಿಲ್ಯೂರ್, ಫೋಲಿ, ಗ್ರೀನ್, ಮೋಂಟ್ಲರ್. ಪಕ್ಕದ ಮನೆಯವರು ಈ ಹೆಸರುಗಳನ್ನು ನಾವು ಸಪ್ತರ್ಷಿಗಳನ್ನು ಹೇಳುವಷ್ಟು ಸಲೀಸಾಗಿ ಹೇಳುತ್ತಾರೆ.

ಇದನ್ನೆಲ್ಲ ಅವರ ಬಾಯಿಂದ ಕೇಳಿದ ಮೇಲೆ, ಅವರು ಆ ವರ್ಷವನ್ನು ಮರೆಯಬೇಕು ಎಂದು ನಾನು ಹೇಳಲಾರೆ. ಆಟ ನಡೆದದ್ದು ನಿಜ, ಸಂತೋಷ ಆದದ್ದು ನಿಜ. ಮುಂದೊಂದು ದಿನ ಏನಾಗುತ್ತದೆ ಎಂದು ಆ ಚಳಿಯಲ್ಲಿ ಕೂತ ಯಾರಿಗೂ ಗೊತ್ತಿರಲಿಲ್ಲ.

ಆದರೆ ಅಭಿಮಾನ ಕ್ರೀಡಾಂಗಣದೊಳಗೇ ಕೂತಿರಲಿಲ್ಲ, ಅವನ ಜೊತೆ ಮನೆಗೂ ಹೋಯಿತು. 1989ರ ಹೊಸವರ್ಷದ ನಸುಕಿನಲ್ಲಿ ಅವನ ಹೆಂಡತಿ ನಿಕೋಲ್ ಬ್ರೌನ್ ಪೊಲೀಸರಿಗೆ ಫೋನ್ ಮಾಡಿದಳು. ಅವರು ಬಂದಾಗ ಹೊಡೆತ ತಿಂದ ಮುಖದಲ್ಲಿ, ಅರೆಬಟ್ಟೆಯಲ್ಲಿ ಪೊದೆಯ ಮರೆಯಿಂದ ಓಡಿಬಂದಳು. ಇದಕ್ಕೂ ಮುಂಚೆ ಎಷ್ಟೋ ಸಲ ಬಂದಿದ್ದೀರಿ, ಅವನ ಹತ್ತಿರ ಮಾತಾಡಿಕೊಂಡು ಹೊರಟುಹೋಗುತ್ತೀರಿ, ಏನೂ ಮಾಡುವುದಿಲ್ಲ ಎಂದು ಅವಳು ಪೊಲೀಸರಿಗೆ ಹೇಳಿದ್ದು ದಾಖಲೆಯಲ್ಲಿದೆ. ಕೋರ್ಟಿನಲ್ಲಿ ಅವನು ಆರೋಪವನ್ನು ಅಲ್ಲಗಳೆಯಲಿಲ್ಲ. ದಂಡ, ಸಮಾಜಸೇವೆ, ಅಷ್ಟರಲ್ಲೇ ಮುಗಿಯಿತು. ಅವನನ್ನು ಜಾಹೀರಾತಿಗೆ ಬಳಸುತ್ತಿದ್ದ ಬಾಡಿಗೆ ಕಾರಿನ ಹರ್ಟ್ಜ್ ಕಂಪನಿಯವರು ಅವನನ್ನು ಕೈಬಿಡಲಿಲ್ಲ. ಅದೇ ವರ್ಷ ಎನ್‌ಬಿಸಿ ಟೀವಿಯವರು ಫುಟ್‌ಬಾಲ್ ಕಾರ್ಯಕ್ರಮಕ್ಕೆ ಕರೆದುಕೊಂಡರು. ಜನಕ್ಕೆ ಅವನು ಬೇಕಾಗಿದ್ದ, ಅದಕ್ಕೇ ಕಂಪನಿಗೂ ಟೀವಿಗೂ ಬೇಕಾಗಿದ್ದ. ಬಾಗಿಲಿಗೆ ಬಂದ ಪೊಲೀಸರೂ ಆಟ ನೋಡಿದ್ದವರೇ ತಾನೆ. ಸಾಮಾನ್ಯ ಮನುಷ್ಯನೊಬ್ಬ ಮತ್ತೆ ಮತ್ತೆ ಹೆಂಡತಿಯನ್ನು ಹೊಡೆದಿದ್ದರೆ ಅವರು ಅಷ್ಟು ಸಲ ಬರಿಗೈಯಲ್ಲಿ ಹಿಂತಿರುಗುತ್ತಿರಲಿಲ್ಲ ಎಂದು ನಾನು ನಂಬುತ್ತೇನೆ.

1992ರಲ್ಲಿ ವಿಚ್ಛೇದನವಾಯಿತು. 1994ರ ಜೂನ್ 12ರ ರಾತ್ರಿ ಲಾಸ್ ಏಂಜಲಿಸ್‌ನ ಬ್ರೆಂಟ್‌ವುಡ್‌ನಲ್ಲಿ ನಿಕೋಲ್ ತನ್ನ ಮನೆಯ ಗೇಟಿನ ಒಳಗೇ ಚಾಕು ಇರಿತಕ್ಕೆ ಸಿಕ್ಕು ಸತ್ತಳು. ಅವಳಿಗೆ 35. ಇಬ್ಬರು ಮಕ್ಕಳು ಒಳಗೆ ಮಲಗಿದ್ದರು. ಪಕ್ಕದಲ್ಲೇ ರಾನ್ ಗೋಲ್ಡ್‌ಮನ್‌ನ ಶವ ಬಿದ್ದಿತ್ತು. ಅವನಿಗೆ 25, ಹೋಟೆಲಿನಲ್ಲಿ ಮಾಣಿ. ಆ ಸಂಜೆ ನಿಕೋಲ್‌ಳ ತಾಯಿ ಅಲ್ಲಿ ಮರೆತುಹೋಗಿದ್ದ ಕನ್ನಡಕ ಕೊಟ್ಟುಹೋಗಲು ಬಂದಿದ್ದವನು.

ಐದು ದಿನದ ಮೇಲೆ ಬಿಳಿ ಬ್ರಾಂಕೊ ಕಾರೊಂದು ಹೆದ್ದಾರಿಯಲ್ಲಿ ನಿಧಾನವಾಗಿ ಹೋಗುತ್ತಿತ್ತು, ಹಿಂದೆ ಪೊಲೀಸ್ ಕಾರುಗಳ ಸಾಲು. ನಡೆಸುತ್ತಿದ್ದವನು ಬಿಲ್ಸ್ ತಂಡದಲ್ಲಿ ಜೊತೆಗೆ ಆಡಿದ್ದ ಗೆಳೆಯ ಕೌಲಿಂಗ್ಸ್. ಹಿಂದಿನ ಸೀಟಿನಲ್ಲಿ ಪಿಸ್ತೂಲು ಹಿಡಿದ ಸಿಂಪ್ಸನ್. ದೇಶದ ಕೋಟ್ಯಂತರ ಜನ ಟೀವಿಯಲ್ಲಿ ನೋಡಿದರು. ಸಾವಿರಾರು ಜನ ಮೇಲ್ಸೇತುವೆಗಳ ಮೇಲೆ ನಿಂತು ಕೈಬೀಸಿದರು, ಓಡು ಜ್ಯೂಸ್ ಎಂದು ಹುರಿದುಂಬಿಸಿದರು. ಇಬ್ಬರ ಕೊಲೆಯಾಗಿ ವಾರವೂ ಆಗಿರಲಿಲ್ಲ. ಆ ಚಿತ್ರಗಳನ್ನು ಈಗ ನೋಡಿದರೂ ನನಗೆ ಮೈ ಜುಮ್ಮೆನ್ನುತ್ತದೆ. ಅದೇ ಕಾರು ಈಗ ಟೆನೆಸಿಯ ಅಪರಾಧ ವಸ್ತುಸಂಗ್ರಹಾಲಯವೊಂದರಲ್ಲಿದೆ, ಜನ ಟಿಕೆಟ್ ಕೊಂಡು ನೋಡುತ್ತಾರೆ.

1995ರ ಅಕ್ಟೋಬರ್ 3ರಂದು ಅವನು ಕೊಲೆ ಆರೋಪದಿಂದ ಖುಲಾಸೆಯಾದಾಗ ಕರಿಯರ ಎಷ್ಟೋ ಕೇರಿಗಳಲ್ಲಿ ಕೇಕೆ ಹಾಕಿದ್ದನ್ನು ಮಾತ್ರ ನಾನು ಇದರ ಜೊತೆ ಸೇರಿಸುವುದಿಲ್ಲ. ರಾಡ್ನಿ ಕಿಂಗ್ ಎಂಬ ಕರಿಯನನ್ನು ಬಡಿದ ಲಾಸ್ ಏಂಜಲಿಸ್ ಪೊಲೀಸರನ್ನು ಜ್ಯೂರಿ ಬಿಟ್ಟುಕಳಿಸಿ ಮೂರು ವರ್ಷವಷ್ಟೇ ಆಗಿತ್ತು. ಅವರು ಕುಣಿದದ್ದು ಫುಟ್‌ಬಾಲ್ ಆಟಗಾರನಿಗಾಗಿ ಅಲ್ಲ, ಲಾಸ್ ಏಂಜಲಿಸ್ ಪೊಲೀಸರು ಒಮ್ಮೆಯಾದರೂ ಸೋತರಲ್ಲ ಎಂದು. ಆ ನೋವು ಬೇರೆ, ಅದಕ್ಕೆ ಬೇರೆಯದೇ ಗೌರವ ಸಲ್ಲಬೇಕು.

1997ರಲ್ಲಿ ಸಿವಿಲ್ ಮೊಕದ್ದಮೆಯ ಜ್ಯೂರಿ ಎರಡೂ ಸಾವುಗಳಿಗೆ ಅವನೇ ಹೊಣೆ ಎಂದಿತು. ನಾನು ಒಪ್ಪುವುದು ಈ ತೀರ್ಪನ್ನು. ಮೂರು ಕೋಟಿ 35 ಲಕ್ಷ ಡಾಲರ್ ಪರಿಹಾರ ಕೊಡಬೇಕಿತ್ತು. ಬಹುಪಾಲು ಕೊಡಲೇ ಇಲ್ಲ. ಫುಟ್‌ಬಾಲ್ ಪಿಂಚಣಿಯನ್ನು ಮುಟ್ಟಲು ಕಾನೂನು ಬಿಡಲಿಲ್ಲ. ಆಮೇಲೂ ಅವನು ಚೆಂಡಿಗೆ, ಫೋಟೊಗೆ, 32ನೇ ನಂಬರಿನ ಅಂಗಿಗೆ ಸಹಿ ಹಾಕಿ ಮಾರಿದ, ಕೊಳ್ಳುವವರು ಸಾಲುಗಟ್ಟಿದರು. 2007ರಲ್ಲಿ ಲಾಸ್ ವೇಗಸ್‌ನ ಹೋಟೆಲ್ ಕೋಣೆಗೆ ಬಂದೂಕಿನವರೊಂದಿಗೆ ನುಗ್ಗಿದ್ದೂ ಇಂಥ ನೆನಪಿನ ಸಾಮಾನುಗಳಿಗಾಗಿಯೇ. ಅದಕ್ಕೆ ಒಂಬತ್ತು ವರ್ಷ ಜೈಲಿನಲ್ಲಿದ್ದ.

1973ರಲ್ಲಿ ಚಪ್ಪಾಳೆ ತಟ್ಟಿದವನಿಗೂ 1998ರಲ್ಲಿ ಸಹಿ ಕೊಂಡವನಿಗೂ ವ್ಯತ್ಯಾಸ ಇದೆ. ಮೊದಲನೆಯವನಿಗೆ ಗೊತ್ತಿರಲಿಲ್ಲ. ಎರಡನೆಯವನಿಗೆ ಎಲ್ಲ ಗೊತ್ತಿತ್ತು, ಗೋಲ್ಡ್‌ಮನ್‌ನ ತಂದೆ ಮಗನ ಹೆಸರಿನಲ್ಲಿ ಕೋರ್ಟಿನಿಂದ ಕೋರ್ಟಿಗೆ ಅಲೆಯುತ್ತಿದ್ದುದೂ ಗೊತ್ತಿತ್ತು. ಆ ತಂದೆ ಸಿಂಪ್ಸನ್ ಸತ್ತ ಸುದ್ದಿ ಬಂದ ದಿನ ಅವನ ಬಗ್ಗೆ ಹೆಚ್ಚೇನೂ ಹೇಳಲಿಲ್ಲ. ಈ ಸಾವು ಜಗತ್ತಿಗೆ ದೊಡ್ಡ ನಷ್ಟವಲ್ಲ, ಮಗ ಇಲ್ಲದ ಇಷ್ಟು ವರ್ಷಗಳನ್ನು ಇನ್ನೊಮ್ಮೆ ನೆನಪಿಸಿತು ಅಷ್ಟೆ ಎಂದರು. ಸತ್ತವರ ಬಗ್ಗೆ ಕೆಟ್ಟದ್ದಾಡಬಾರದು ಎಂದು ನಮ್ಮಲ್ಲಿ ಹೇಳುತ್ತಾರೆ. ಇಲ್ಲಿ ಸತ್ತವರು ಮೂರು ಜನ. ಮೊದಲು ಸತ್ತ ಇಬ್ಬರ ಬಗ್ಗೆ ಸುಮ್ಮನಿದ್ದು ಮೂರನೆಯವನ ಓಟವನ್ನು ಹೊಗಳಿದರೆ ಆ ಇಬ್ಬರಿಗೆ ಕೆಟ್ಟದ್ದು ಮಾಡಿದಂತೆಯೇ.

ಬಿಲ್ಸ್ ಸ್ಟೇಡಿಯಮ್ಮಿನ ಗೌರವದ ಗೋಡೆಯ ಮೇಲೆ 1980ರಲ್ಲಿ ಬರೆದ ಮೊಟ್ಟಮೊದಲ ಹೆಸರು ಅವನದು. ಅವನು ಸತ್ತ ದಿನವೂ ಅಲ್ಲೇ ಇತ್ತು. ರಸ್ತೆಯಾಚೆ ಆಗ ಹೊಸ ಸ್ಟೇಡಿಯಮ್ ಏಳುತ್ತಿತ್ತು. ಹೊಸ ಗೋಡೆಗೆ ಆ ಹೆಸರು ಹೋಗಬಾರದು ಎಂದೆ ನಾನು. ಪಕ್ಕದ ಮನೆಯವರು ಒಪ್ಪಲಿಲ್ಲ. ಹೆಸರು ಅಳಿಸಿದರೆ ಮೊಮ್ಮಕ್ಕಳು ಯಾರಿವನು ಎಂದು ಕೇಳುವುದೇ ಇಲ್ಲ, ಕೇಳಿದರೆ ತಾನೆ ನಿಕೋಲ್ ವಿಷಯವೂ ಹೇಳುವುದು ಎಂಬುದು ಅವರ ವಾದ. ಹಾಗಾದರೆ ಅಷ್ಟು ವರ್ಷ ಆ ಗೋಡೆಯ ಮುಂದೆ ಕೂತು ಮಕ್ಕಳಿಗೆ ಅವಳ ವಿಷಯ ಹೇಳಿದ್ದೀರಾ ಎಂದು ಕೇಳಿದೆ. ಇಲ್ಲ ಎಂದರು. ಸ್ವಲ್ಪ ಹೊತ್ತು ಕಸದ ಡಬ್ಬಿಯ ತಗ್ಗನ್ನು ಒಳಗಿಂದ ಗುದ್ದಿ ಸರಿಮಾಡುತ್ತ ಇದ್ದು, ಹಾಕುವುದಾದರೆ ಎಲೆಕ್ಟ್ರಿಕ್ ಕಂಪನಿಯ ಐದೂ ಜನರ ಹೆಸರು ಒಟ್ಟಿಗೆ ಹಾಕಲಿ, 2,003 ಅಂತ ಅದರ ಕೆಳಗೆ ಬರೆಯಲಿ ಎಂದರು. ಅಷ್ಟಕ್ಕೆ ನನ್ನ ಒಪ್ಪಿಗೆ ಇದೆ. ಆರನೇ ಹೆಸರಿನ ಬಗ್ಗೆ ನಮ್ಮಿಬ್ಬರ ಜಗಳ ಇನ್ನೂ ಮುಗಿದಿಲ್ಲ.