ನಾಲ್ಕು ಮೊಳದ ದೃಷ್ಟಿ

ಮಹಾವ್ರತಿಗಳಾದ ಮುನಿಗಳು ಪಾಲಿಸುವ ಐದು ಸಮಿತಿಗಳಲ್ಲಿ ಮೊದಲನೆಯದು ಈರ್ಯಾಸಮಿತಿ. ಹಗಲಿನ ಬೆಳಕಿನಲ್ಲಿ, ಜನರು ನಡೆದು ಸವೆದ ದಾರಿಯಲ್ಲಿ, ಮುಂದಿನ ನಾಲ್ಕು ಮೊಳದಷ್ಟು ನೆಲವನ್ನು ನೋಡುತ್ತ, ಜೀವಿಗಳಿಗೆ ಬಾಧೆಯಾಗದಂತೆ ಹೆಜ್ಜೆಯಿಡಬೇಕೆಂಬುದು ಅದರ ಸಾರ. ವಾಹನಗಳಲ್ಲಿ ಸಂಚರಿಸುವ ಶ್ರಾವಕರಿಗೆ ಇದು ದೂರದ ಆದರ್ಶವೆಂದು ತೋರಬಹುದು. ಆದರೆ ಶ್ರಾವಣದ ಒಂದು ಸಂಜೆ ಕಾರ್ಕಳದ ತಂದೆ ಮಗನಿಗೆ ಒದಗಿದ ಅನುಭವವು, ಅದು ಗೃಹಸ್ಥರಿಗೂ ಎಷ್ಟು ಹತ್ತಿರದ್ದೆಂಬುದನ್ನು ತಿಳಿಸುತ್ತದೆ.

ತಂದೆ ನಿವೃತ್ತ ಶಿಕ್ಷಕರು. ಮಗ ಬೆಂಗಳೂರಿನಲ್ಲಿ ಉದ್ಯೋಗಿ. ಹೊಂಬುಜದಲ್ಲಿ ಪದ್ಮಾವತಿ ಅಮ್ಮನವರ ದರ್ಶನ ಪಡೆದು ಇಬ್ಬರೂ ಕಾರಿನಲ್ಲಿ ಹಿಂದಿರುಗುತ್ತಿದ್ದರು. ತೀರ್ಥಹಳ್ಳಿಯ ಕಡೆಗೆ ಹೊರಟಾಗ ಮಗನ ಮೊಬೈಲಿನ ನಕ್ಷೆ ಒಂದು ದಾರಿಯನ್ನು ತೋರಿಸಿತು. ತಂದೆಯವರು ಒಪ್ಪಲಿಲ್ಲ. "ನಲವತ್ತು ವರ್ಷದ ಹಿಂದೆಯೇ ನಾನು ಓಡಾಡಿದ ದಾರಿಯಿದೆ, ಅದರಲ್ಲೇ ಹೋಗು" ಎಂದರು. ಮಗ ಹಾಗೆಯೇ ಮಾಡಿದ. ಮುಂದೆ ರಸ್ತೆಯ ಕಾಮಗಾರಿ ನಡೆದಿತ್ತು. ಹಿಂದಿರುಗಿ ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು. ಮಗ ಒಂದು ಮಾತನ್ನೂ ಆಡಲಿಲ್ಲ. ಆ ಮೌನವೇ ತಂದೆಯವರಿಗೆ ಭಾರವಾಯಿತು.

ಆಗುಂಬೆಯ ಘಾಟಿ ಇಳಿದು ಸೋಮೇಶ್ವರ ದಾಟುವಾಗ ಆರು ಗಂಟೆ ಸಮೀಪಿಸಿತ್ತು. ಮಳೆ ಬಿಡದೆ ಸುರಿಯುತ್ತಿತ್ತು. ತಂದೆಯವರು ಸೂರ್ಯಾಸ್ತದ ನಂತರ ಆಹಾರವಿರಲಿ, ನೀರನ್ನೂ ಸೇವಿಸುವವರಲ್ಲ. ಅವರಿಗೆ ಸಕ್ಕರೆ ಕಾಯಿಲೆಯೂ ಇತ್ತು. ಕತ್ತಲಾಗುವ ಮೊದಲು ಮನೆ ಸೇರಿ ಅವರಿಗೆ ಊಟ ಮಾಡಿಸಬೇಕೆಂಬ ಆತುರ ಮಗನಿಗೆ. ಅಷ್ಟರಲ್ಲಿ ಮೊಬೈಲು ಒಂದು ಒಳದಾರಿಯನ್ನು ತೋರಿಸಿ, ಹದಿನೆಂಟು ನಿಮಿಷ ಉಳಿಯುವುದೆಂದು ತಿಳಿಸಿತು. ಮಗ ಕಾರನ್ನು ಅತ್ತ ತಿರುಗಿಸಿದ. ಕಾಡಿನ ನಡುವಿನ ಆ ಕಿರುದಾರಿಯನ್ನು ಕಂಡು ತಂದೆಯವರ ಮನಸ್ಸು ಬೇಡವೆಂದಿತು. ಆದರೆ ಮಧ್ಯಾಹ್ನ ತಪ್ಪು ದಾರಿ ಹಿಡಿಸಿದವರು ಈಗ ಹೇಗೆ ತಡೆಯಬೇಕು? ಅವರು ಸುಮ್ಮನಾದರು.

ಮೂರು ಮೈಲಿ ಸಾಗಿದ ಮೇಲೆ ಒಂದು ಹಳ್ಳ ಅಡ್ಡ ಬಂತು. ತಗ್ಗಾದ ಸೇತುವೆಯ ಮೇಲೆ ಕೆಂಪು ನೀರು ಹರಿಯುತ್ತಿತ್ತು. ನಕ್ಷೆಯಲ್ಲಿ ಮಾತ್ರ ನೀಲಿ ಗೆರೆ ಆಚೆಯ ದಡದವರೆಗೂ ನೇರವಾಗಿ ಚಾಚಿತ್ತು. ಮಗ ವೇಗ ತಗ್ಗಿಸಿದನಾದರೂ ನಿಲ್ಲಿಸಲಿಲ್ಲ. ಆಗ ತಂದೆಯವರು ಸಂಕೋಚವನ್ನು ಬಿಟ್ಟು ನುಡಿದರು: "ನಿಲ್ಲಿಸಪ್ಪ. ಮಧ್ಯಾಹ್ನ ನಾನು ಎದುರಿಗಿದ್ದುದನ್ನು ನೋಡದೆ ನನ್ನ ನೆನಪನ್ನೇ ನಂಬಿದೆ. ಈಗ ನೀನು ಅದೇ ತಪ್ಪನ್ನು ಮಾಡಬೇಡ."

ಕಾರು ನಿಂತಿತು. ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಹೆಂಗಸೊಬ್ಬಳು, "ಬೇರೆ ದಿನಗಳಲ್ಲಿ ಇದೇ ಹತ್ತಿರದ ದಾರಿ ಸ್ವಾಮಿ. ಇವತ್ತು ಮಧ್ಯಾಹ್ನದಿಂದ ನೀರು ಏರಿದೆ, ಆ ಕಡೆಯ ಅಂಚು ಕುಸಿದಿದೆ" ಎಂದಳು.

ಇಲ್ಲಿ ನಕ್ಷೆಯು ಸುಳ್ಳಾಡಿತೆನ್ನಲಾಗದು. ಅಮೆರಿಕದ ರಕ್ಷಣಾ ಇಲಾಖೆಯು 1978ರಿಂದ ಉಡಾಯಿಸಿದ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತ ಕಾಲಸಂಕೇತಗಳನ್ನು ಕಳುಹಿಸುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ದೊರೆತರೆ ಕೈಯಲ್ಲಿರುವ ಉಪಕರಣವು ತಾನಿರುವ ಸ್ಥಳವನ್ನು ಗಣಿಸುತ್ತದೆ. ನಮ್ಮ ದೇಶವೂ 2013ರಿಂದ ತನ್ನದೇ ಉಪಗ್ರಹಗಳನ್ನು ಉಡಾಯಿಸಿ, ನಾವಿಕ್ ಎಂಬ ವ್ಯವಸ್ಥೆಯನ್ನು ರೂಪಿಸಿಕೊಂಡಿದೆ. ಆದರೆ ಈ ಉಪಗ್ರಹಗಳು ತಿಳಿಸುವುದು "ನೀನು ಇಲ್ಲಿರುವೆ" ಎಂಬುದನ್ನು ಮಾತ್ರ. ದಾರಿಯ ಚಿತ್ರ ಬೇರೆಯವರು ಬೇರೆ ದಿನ ಸಿದ್ಧಪಡಿಸಿದ್ದು. ಇಂದಿನ ಮಳೆಗೆ ಹಳ್ಳ ತುಂಬಿದೆಯೇ ಎಂಬುದನ್ನು ಆ ಎತ್ತರದಿಂದ ಯಾವ ಉಪಗ್ರಹವೂ ನೋಡುತ್ತಿರುವುದಿಲ್ಲ.

2024ರ ನವೆಂಬರ್ 24ರಂದು ಉತ್ತರ ಪ್ರದೇಶದ ಬರೇಲಿ ಜಿಲ್ಲೆಯಲ್ಲಿ, ಹಿಂದಿನ ಪ್ರವಾಹದಲ್ಲಿ ಒಂದು ಭಾಗ ಕೊಚ್ಚಿಹೋಗಿದ್ದ ಸೇತುವೆಯಿಂದ ಕಾರೊಂದು ರಾಮಗಂಗಾ ನದಿಗೆ ಬಿದ್ದು ಮೂವರು ಪ್ರಾಣ ಕಳೆದುಕೊಂಡರು. ಅವರು ಇಂಥದೇ ನಕ್ಷೆಯನ್ನು ಅನುಸರಿಸಿದ್ದರೆಂದು ವರದಿಯಾಯಿತು. ಮಾರ್ಗವನ್ನು ಮುಚ್ಚದೆ ಬಿಟ್ಟವರ ಹೊಣೆಯೂ ಅಲ್ಲಿ ಸಣ್ಣದಲ್ಲ.

ಜ್ಞಾನದ ಭೇದಗಳನ್ನು ಹೇಳುವಾಗ ನಮ್ಮ ಆಚಾರ್ಯರು ಶ್ರುತಜ್ಞಾನವು ಮತಿಜ್ಞಾನಪೂರ್ವಕವೆಂದು ತಿಳಿಸಿದ್ದಾರೆ. ಪರರಿಂದ ಬಂದ ತಿಳಿವಿಗೂ ನಮ್ಮ ಇಂದ್ರಿಯ ಮತ್ತು ಮನಸ್ಸುಗಳ ಎಚ್ಚರವೇ ಬಾಗಿಲು. ಹಾಗೆಂದು ಸ್ವಂತ ಅನುಭವವೇ ಪ್ರಮಾಣವೆಂದು ಹಟ ಹಿಡಿಯುವುದೂ ಏಕಾಂತವೇ ಆದೀತು. ತಂದೆಯವರು ಮಧ್ಯಾಹ್ನ ತಪ್ಪಿದ್ದು ಅಲ್ಲಿಯೇ. ಹಳೆಯ ನೆನಪು, ಯಂತ್ರದ ನಕ್ಷೆ, ಊರಿನವರ ಮಾತು, ಒಂದೊಂದೂ ಒಂದೊಂದು ನಯ. ಇವುಗಳನ್ನು ಕೂಡಿಸಿ ನಿರ್ಣಯಿಸುವ ವಿವೇಕ ವಾಹನ ನಡೆಸುವವನದು. ಅದನ್ನು ಬೇರೆಯವರಿಗೆ ಒಪ್ಪಿಸಿ ಕೈತೊಳೆದುಕೊಳ್ಳಲಾಗದು. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನು ಮುಂದಿಟ್ಟಿದೆ. ಯಂತ್ರಕ್ಕೆ ಪ್ರಮಾದವಿಲ್ಲ, ಪ್ರಾಯಶ್ಚಿತ್ತವೂ ಇಲ್ಲ. ಅವೆರಡೂ ಮನುಷ್ಯನವು.

ನಮ್ಮ ಬಸದಿಗಳ ಆಡಳಿತ ಸಮಿತಿಗಳು ಈ ಬಗ್ಗೆ ಯೋಚಿಸುವುದು ಉಚಿತ. ದೂರದ ಯಾತ್ರಿಕರು ಇಂದು ನಕ್ಷೆಯನ್ನು ನಂಬಿಯೇ ಕ್ಷೇತ್ರಗಳಿಗೆ ಬರುತ್ತಾರೆ. ಕವಲುದಾರಿಗಳಲ್ಲಿ ಸ್ಪಷ್ಟವಾದ ಫಲಕಗಳಿದ್ದರೆ, ಮಳೆಗಾಲದಲ್ಲಿ ಯಾವ ದಾರಿ ಬೇಡವೆಂದು ಬರೆದಿದ್ದರೆ, ಅದೂ ಅಭಯದಾನವೇ.

ಆ ಸಂಜೆ ಬುತ್ತಿಯಲ್ಲಿ ಉಳಿದಿದ್ದ ಒಂದು ಹಿಡಿ ಅವಲಕ್ಕಿಯನ್ನು ತಂದೆಯವರು ಬೆಳಕಿರುವಾಗಲೇ ಕಾರಿನಲ್ಲಿ ಕುಳಿತು ತಿಂದು, ನೀರು ಕುಡಿದು, "ಇಷ್ಟು ಸಾಕು, ಇನ್ನು ಅವಸರವಿಲ್ಲ" ಎಂದರು. ಕಾರು ಹಿಂದಿರುಗಿ ಹೆದ್ದಾರಿ ಸೇರಲು ಹೊರಟಿತು. ಮಳೆಗೆ ಹೊರಬಂದ ಕಪ್ಪೆಗಳು ದಾರಿಯನ್ನು ದಾಟುತ್ತಿದ್ದವು. ಬರುವಾಗಲೂ ಅವು ಅಲ್ಲಿ ಇದ್ದಿರಬೇಕು. ಮಗನ ಕಣ್ಣು ಆಗ ನಿಮಿಷಗಳ ಲೆಕ್ಕದ ಮೇಲಿತ್ತು. ಈಗ ಅವನು ಮೊಬೈಲನ್ನು ತಂದೆಯ ಕೈಗೆ ಕೊಟ್ಟು, ದೀಪದ ಬೆಳಕು ಬಿದ್ದಷ್ಟು ನೆಲವನ್ನು ನೋಡುತ್ತ ನಿಧಾನವಾಗಿ ನಡೆಸಿದ. ಎರಡು ಕಡೆ ನಿಲ್ಲಿಸಿ ಅವು ದಾಟುವವರೆಗೂ ಕಾದ.

ಮನೆ ತಲುಪಿದಾಗ ರಾತ್ರಿ ಎಂಟು ದಾಟಿತ್ತು. ತಡವೇಕೆಂದು ಮನೆಯವರು ಕೇಳಿದರು. "ದಾರಿ ನೋಡಿಕೊಂಡು ಬಂದೆವು" ಎಂದು ತಂದೆಯವರು ಉತ್ತರಿಸಿದರು.