ಕ್ಯಾಲ್ ಅಂದರೆ ಎಂಥ ಸರ್?

ಕಾಸರಗೋಡಿನ ಕನ್ನಡ ಮಾಧ್ಯಮದ ಅಧ್ಯಾಪಕರಿಗೆ ಕಚೇರಿಯ ಇಮೇಲ್ ಸರ್ವರಿನ ಲೈಸನ್ಸಿನ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ನಮಗೂ ಬೇಕಿರಲಿಲ್ಲ. ಆದರೆ ನಮ್ಮಲ್ಲಿ ಹತ್ತನೆಯವರೆಗೆ ಕನ್ನಡದಲ್ಲೇ ಕಲಿತ ಹುಡುಗನೊಬ್ಬ ಈಗ ಮಂಗಳೂರಿನ ಒಂದು ವ್ಯಾಪಾರ ಸಂಸ್ಥೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಾನೆ. ಅವನ ಧಣಿಗಳು ಲೆಕ್ಕದಲ್ಲಿ ಗಟ್ಟಿಗರು, ಇಂಗ್ಲಿಷ್ ಕಾಗದ ಕಂಡರೆ ಮಾತ್ರ ಸಿಡುಕು. "ಒಂದು ಸಾಮಾನಿಗೆ ಏಳು ಸಾಲಿನಲ್ಲಿ ದುಡ್ಡು ಯಾಕೆ? ಕನ್ನಡದಲ್ಲಿ ಹೇಳು" ಎಂದರಂತೆ. ಹುಡುಗ ತಡವರಿಸಿದ. ಕೊಟೇಶನ್ ನಮ್ಮ ಸ್ಟಾಫ್ ರೂಮಿಗೆ ಬಂತು.

ಅವರಲ್ಲಿದ್ದದ್ದು ಮೈಕ್ರೋಸಾಫ್ಟ್‌ನ ಎಕ್ಸ್‌ಚೇಂಜ್ ಸರ್ವರ್ 2016. ಅದಕ್ಕೂ 2019ರ ಆವೃತ್ತಿಗೂ ಕಂಪನಿಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮರುದಿನವೇ ಮೇಲ್ ನಿಲ್ಲುವುದಿಲ್ಲ, ಆದರೆ ಹೊಸ ತೂತು ಕಂಡರೆ ಮುಚ್ಚುವವರಿಲ್ಲ. ಅದರ ಬದಲಿಗೆ ಬಂದದ್ದು 2025ರ ಜುಲೈಯಲ್ಲಿ ಬಿಡುಗಡೆಯಾದ 'ಸಬ್‌ಸ್ಕ್ರಿಪ್ಶನ್ ಎಡಿಷನ್'. ಹೆಸರಲ್ಲೇ ವಿಷಯ ಇದೆ. ಹಳೆಯದನ್ನು ಒಮ್ಮೆ ಕೊಂಡರೆ ಅದೇ ಆವೃತ್ತಿಯನ್ನು ಎಷ್ಟು ವರ್ಷವಾದರೂ ಇಟ್ಟುಕೊಳ್ಳಬಹುದಿತ್ತು. ಹೊಸದಕ್ಕೆ ಚಂದಾ ಕಟ್ಟುತ್ತಿರಬೇಕು, ಇಲ್ಲವೇ ಲೈಸನ್ಸ್ ಕೊಂಡು 'ಸಾಫ್ಟ್‌ವೇರ್ ಅಶೂರೆನ್ಸ್' ಎಂಬ ವಾರ್ಷಿಕ ಒಪ್ಪಂದವನ್ನು ಬಿಡದೆ ನಡೆಸಬೇಕು. ಸರ್ವರ್ ತಂತ್ರಾಂಶಗಳಿಗೆ ಅದು ವರ್ಷಕ್ಕೆ ಸುಮಾರು ಲೈಸನ್ಸ್ ಬೆಲೆಯ ಕಾಲುಭಾಗ. ಯಂತ್ರ ನಮ್ಮ ಕಟ್ಟಡದಲ್ಲಿ, ಕರೆಂಟು ನಮ್ಮದು, ಬಾಡಿಗೆ ಮಾತ್ರ ಅವರಿಗೆ!

ಸರ್ವರಿನ ಲೈಸನ್ಸ್ ಒಂದು ಸಾಲು, ಅದು ಅರ್ಥವಾಯಿತು. ಕೆಳಗೆ '42 ಕ್ಯಾಲ್' ಎಂದಿತ್ತು. ಕ್ಲೈಂಟ್ ಆಕ್ಸೆಸ್ ಲೈಸನ್ಸ್ ಎಂಬುದರ ಮೊಟಕು ಹೆಸರದು. ಧಣಿಗಳ ಸಿಟ್ಟು ಇದರ ಮೇಲೆಯೇ, ಯಾಕೆಂದರೆ ಇದಕ್ಕೆ ದುಡ್ಡು ಕೊಟ್ಟರೆ ಕೈಗೆ ಏನೂ ಬರುವುದಿಲ್ಲ. ಡಿಸ್ಕ್ ಇಲ್ಲ, ತಂತ್ರಾಂಶ ಇಲ್ಲ. ಸರ್ವರಿನ ಬಾಗಿಲು ತಟ್ಟುವ ಹಕ್ಕು, ಅಷ್ಟೇ. ನಾವು ಅದಕ್ಕೆ 'ಪ್ರವೇಶ ಚೀಟಿ' ಎಂದು ಹೆಸರಿಟ್ಟೆವು. ನಮ್ಮ ಗಣಿತದ ಟೀಚರ್‌ಗೆ ಆ ಹೆಸರು ಹಿಡಿಸಲಿಲ್ಲ, ಇರಲಿ.

ಈ ಚೀಟಿ ಎರಡು ಬಗೆ. ಒಂದು ಆಳಿಗೆ, ಇನ್ನೊಂದು ಯಂತ್ರಕ್ಕೆ. ಶಾಲೆಯವರಿಗೆ ಇದು ಸುಲಭ. ನಮ್ಮ ಲ್ಯಾಬಿನಲ್ಲಿ ಒಂದೇ ಕಂಪ್ಯೂಟರಿಗೆ ಬೆಳಗ್ಗೆ ಎಂಟನೆಯ ಮಕ್ಕಳು, ಮಧ್ಯಾಹ್ನ ಒಂಬತ್ತನೆಯವರು. ಅಲ್ಲಿ ಲೆಕ್ಕ ಬೆಂಚಿನದ್ದಾದರೆ ಲಾಭ. ಆದರೆ ಒಬ್ಬನೇ ಮನುಷ್ಯ ಮೇಜಿನ ಕಂಪ್ಯೂಟರಿನಲ್ಲೂ ಮೊಬೈಲಿನಲ್ಲೂ ಮನೆಯ ಲ್ಯಾಪ್‌ಟಾಪಿನಲ್ಲೂ ಮೇಲ್ ನೋಡಿದರೆ ಬೆಂಚಿನ ಲೆಕ್ಕದಲ್ಲಿ ಮೂರು ಚೀಟಿ, ಮನುಷ್ಯನ ಲೆಕ್ಕದಲ್ಲಿ ಒಂದೇ.

"ನಿಮ್ಮಲ್ಲಿ ಯಾರು ಎಲ್ಲಿ ಕೂರುತ್ತಾರೆ, ಪಟ್ಟಿ ಮಾಡು ಮಾರಾಯ" ಎಂದೆವು. ಮಾಡಿದ. ಕಚೇರಿಯಲ್ಲಿ 22 ಮಂದಿ, ಎಲ್ಲರ ಮೊಬೈಲಿನಲ್ಲೂ ಮೇಲ್. ಗೋದಾಮಿನಲ್ಲಿ 20 ಮಂದಿ, ಎರಡು ಪಾಳಿ, ಆರು ಕಂಪ್ಯೂಟರ್, ಮೊಬೈಲಿನಲ್ಲಿ ಮೇಲ್ ಇಲ್ಲ. ಎರಡೂ ಬಗೆಯನ್ನು ಬೆರೆಸಿ ಕೊಳ್ಳಬಹುದು. ಹಾಗಾದರೆ ಆಳಿಗೆ 22, ಯಂತ್ರಕ್ಕೆ 6, ಒಟ್ಟು 28. ಮಾರುವವರು ಪಟ್ಟಿ ಕೇಳದೆಯೇ 42 ಎಂದು ಬರೆದಿದ್ದರು. ಇದೇ 42 ಇನ್ನೊಂದು ಸಾಲಿನಲ್ಲೂ ಇತ್ತು. ಎಕ್ಸ್‌ಚೇಂಜ್ ಓಡುವುದು ವಿಂಡೋಸ್ ಸರ್ವರಿನ ಮೇಲೆ, ಅದಕ್ಕೂ ಬೇರೆ ಲೈಸನ್ಸ್, ಬೇರೆ ಚೀಟಿ. 14 ಚೀಟಿ ಎರಡು ಕಡೆ ಉಳಿದರೆ 28 ಚೀಟಿಯ ದುಡ್ಡು. ಗೋದಾಮಿನವರು ನಾಳೆ ಮೊಬೈಲಿಗೆ ಮೇಲ್ ಹಾಕಿಸಿಕೊಂಡರೆ ಈ ಲೆಕ್ಕ ಕೆಡುತ್ತದೆ ಎಂದೂ ಹೇಳಿ ಕಳಿಸಿದೆವು.

ಮೂರನೆಯ 42 'ಎಂಟರ್‌ಪ್ರೈಸ್ ಕ್ಯಾಲ್'. ಇದು ಸಾಧಾರಣ ಚೀಟಿಯ ಬದಲಿಗಲ್ಲ, ಅದರ ಮೇಲೊಂದು ಚೀಟಿ. ಗುಟ್ಟಿನ ಮಾಹಿತಿ ಹೊರಗೆ ಹೋಗದಂತೆ ತಡೆಯುವ ಕೆಲವು ವಿಶೇಷ ಸೌಲಭ್ಯಗಳಿಗೆ ಬೇಕು. ಅವನ್ನು ಬಳಸದವರಿಗೆ ಬೇಡ. ಸರ್ವರಿನಲ್ಲೂ ಸ್ಟಾಂಡರ್ಡ್, ಎಂಟರ್‌ಪ್ರೈಸ್ ಎಂದು ಎರಡಿದೆ. ಮೊದಲನೆಯದರಲ್ಲಿ ಐದು ಡೇಟಾಬೇಸ್ ನಡೆಸಬಹುದು, ಎರಡನೆಯದರಲ್ಲಿ ನೂರು. ನಲ್ವತ್ತೆರಡು ಜನರಿಗೆ ಐದು ಧಾರಾಳ.

ವಿಂಡೋಸ್ ಸರ್ವರಿನ ಸಾಲು ಇನ್ನೊಂದು ವಿಚಿತ್ರ. 2016ರ ಆವೃತ್ತಿಯಿಂದ ಅದರ ಲೆಕ್ಕ ಪ್ರೊಸೆಸರಿನೊಳಗಿನ ಕೋರುಗಳ ಮೇಲೆ, ಯಂತ್ರವೊಂದಕ್ಕೆ ಕನಿಷ್ಠ 16. ಇವರದ್ದು ಎಂಟು ಕೋರಿನ ಯಂತ್ರ. ಒಬ್ಬನೇ ಹತ್ತಿದರೂ ಇಡೀ ಜೀಪಿನ ಬಾಡಿಗೆ. ಇಲ್ಲಿ ಉಳಿಸುವ ದಾರಿ ನಮಗೆ ಕಾಣಲಿಲ್ಲ. ಏಳನೆಯ ಸಾಲು ಜಿಎಸ್‌ಟಿ, ಶೇಕಡಾ 18. ಅದನ್ನು ಧಣಿಗಳಿಗೆ ಯಾರೂ ವಿವರಿಸಬೇಕಿಲ್ಲ.

ಇಷ್ಟಾಗುವಾಗ ನಮ್ಮಲ್ಲೊಬ್ಬರು, "ಕೇರಳದ ಶಾಲೆಗಳಲ್ಲೆಲ್ಲ ಲಿನಕ್ಸ್ ಕಲಿಸಿ ಈಗ ಮೈಕ್ರೋಸಾಫ್ಟಿನ ಚೀಟಿ ಎಣಿಸುತ್ತಿದ್ದೇವಲ್ಲ!" ಎಂದರು. ಮಾತು ನ್ಯಾಯವೇ. ಈ ಹುಡುಗ ಕಲಿತದ್ದೂ ಐಟಿ@ಸ್ಕೂಲಿನ ಲಿನಕ್ಸಿನಲ್ಲೇ. ಪೋಸ್ಟ್‌ಫಿಕ್ಸ್ ಮೇಲ್ ಸಾಗಿಸುತ್ತದೆ, ಡವ್‌ಕಾಟ್ ಪೆಟ್ಟಿಗೆ ಕಾಯುತ್ತದೆ, ರೌಂಡ್‌ಕ್ಯೂಬ್ ಬ್ರೌಸರಿನಲ್ಲಿ ತೋರಿಸುತ್ತದೆ. ಮೂರಕ್ಕೂ ಲೈಸನ್ಸ್ ಶುಲ್ಕ ಸೊನ್ನೆ, ಆಳು ನಲ್ವತ್ತಾಗಲಿ ನಾಲ್ಕು ಸಾವಿರವಾಗಲಿ.

ಅಲ್ಲಿಯೇ ಸ್ಟಾಫ್ ರೂಮಿನಲ್ಲಿ ಎರಡು ಪಂಗಡವಾಯಿತು. ಸ್ಥಿರ ಐಪಿ, ಬ್ಯಾಕಪ್, ಯುಪಿಎಸ್ ಎಲ್ಲ ಎರಡೂ ದಾರಿಗೆ ಬೇಕು. ನಮ್ಮ ಕಡೆಯ ಮಳೆಗಾಲದ ಸಿಡಿಲು ಲೈಸನ್ಸ್ ನೋಡಿ ಬಡಿಯುವುದಿಲ್ಲ. 2024ರ ಫೆಬ್ರವರಿಯಿಂದ ಜಿಮೇಲ್‌ಗೆ ಕಳಿಸುವವರೆಲ್ಲ ಎಸ್‌ಪಿಎಫ್ ಅಥವಾ ಡಿಕಿಮ್ ಗುರುತು ಇಟ್ಟುಕೊಂಡಿರಬೇಕು, ದಿನಕ್ಕೆ ಐದು ಸಾವಿರ ದಾಟಿದರೆ ಎರಡೂ ಬೇಕು, ಜತೆಗೆ ಡಿಮಾರ್ಕ್. ಅದನ್ನೂ ಎರಡೂ ಕಡೆ ಮಾಡಲೇಬೇಕು. ವ್ಯತ್ಯಾಸ ಬರುವುದು ಕೆಟ್ಟಾಗ. ಉಚಿತದ್ದು ಭಾನುವಾರ ರಾತ್ರಿ ನಿಂತರೆ ಎದ್ದು ಹೋಗಬೇಕಾದವನು ಈ ಹುಡುಗನೇ. ಕೊಟೇಶನ್ನಿನಲ್ಲಿ ಅವನ ಭಾನುವಾರಕ್ಕೆ ಸಾಲಿಲ್ಲ. ನಾವು ಎಂಟನೆಯ ಸಾಲಾಗಿ ಅದನ್ನು ಬರೆದೆವು: "ನೋಡಿಕೊಳ್ಳುವವನ ಹೆಚ್ಚಿನ ಸಂಬಳ, ಒಬ್ಬ ಸಹಾಯಕ." ಕಲಿಸಿದವರ ಪಕ್ಷಪಾತ ಎನ್ನಿ, ಆ ಸಾಲಿಲ್ಲದ 'ಉಚಿತ'ಕ್ಕೆ ನಮ್ಮ ಒಪ್ಪಿಗೆಯಿಲ್ಲ.

ಹುಡುಗ ಎರಡೂ ಲೆಕ್ಕವನ್ನು ಕನ್ನಡದಲ್ಲಿ ಒಂದೊಂದು ಪುಟಕ್ಕೆ ಇಳಿಸಿ ಧಣಿಗಳ ಮೇಜಿನ ಮೇಲಿಟ್ಟ. ಪೂರ್ತಿ ಓದಿದರಂತೆ. 28ರ ಲೆಕ್ಕಕ್ಕೆ, ಎಂಟರ್‌ಪ್ರೈಸ್ ಚೀಟಿ ಬಿಟ್ಟು, ಹೊಸ ಕೊಟೇಶನ್ ತರಿಸಲು ಹೇಳಿದ್ದಾರೆ. ಲಿನಕ್ಸಿನದ್ದನ್ನು ಹಳೆಯ ಯಂತ್ರವೊಂದರಲ್ಲಿ ಮೂರು ತಿಂಗಳು ಓಡಿಸಿ ನೋಡಲೂ ಅಪ್ಪಣೆಯಾಗಿದೆ. ಎಂಟನೆಯ ಸಾಲಿನ ಬಗ್ಗೆ ಇನ್ನೂ ಬಾಯಿ ಬಿಟ್ಟಿಲ್ಲವಂತೆ. ಆದರೆ ಅದನ್ನು ಹೊಡೆದು ಹಾಕಿಯೂ ಇಲ್ಲ.